ಹಗ್ಗ ಹಿಡಿದು ಕಾಯುವ ಸುಖ

ಕಡಲಾಳಕ್ಕೆ ಇಳಿಯುತ್ತೇನೆ ಎಂದರೆ ಸಾಕು, ‘ಶಾರ್ಕ್ ಕಂಡಿತಾ?’ ಎಂದು ಎಲ್ಲರೂ ಕೇಳುತ್ತಾರೆ. ‘ಮೇಲೆ ಬರೋಕೆ ಎಷ್ಟು ಹೊತ್ತು ಹಿಡೀತು?’ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಈ ಹುಚ್ಚಿನ ರುಚಿಯೂ ಅಪಾಯವೂ ಇರುವುದು ಅಲ್ಲೇ.

ಮೊದಲು ಇಳಿದದ್ದು ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ. ಅಲ್ಲಿ ಮೀನು ನೋಡಿ ಖುಷಿಪಟ್ಟಿದ್ದವನು ವರ್ಷಗಳ ನಂತರ ಅಮೆರಿಕದ ನ್ಯಾಂಟಕೆಟ್ ದ್ವೀಪದಾಚೆ ‘ಆಂಡ್ರಿಯಾ ಡೋರಿಯಾ’ದ ತನಕ ಹೋದೆ. ಇಟಲಿಯ ಈ ಹಡಗು 1956ರ ಜುಲೈ 25ರ ರಾತ್ರಿ ಮಂಜಿನ ನಡುವೆ ‘ಸ್ಟಾಕ್‌ಹೋಮ್’ ಹಡಗಿಗೆ ಡಿಕ್ಕಿಯಾಗಿ ಮರುದಿನ ಬೆಳಗ್ಗೆ ಮುಳುಗಿತು. ಈಗ ಸುಮಾರು 75 ಮೀಟರ್ ಕೆಳಗೆ ಬಲಮಗ್ಗುಲಾಗಿ ಮಲಗಿದೆ. ಮಗ್ಗುಲಾದ ಹಡಗಿನಲ್ಲಿ ಗೋಡೆಯೇ ನೆಲ, ಬಾಗಿಲೇ ಬಾವಿ. ಜೋತುಬಿದ್ದ ತಂತಿಗಳು, ಸಿಕ್ಕಿಕೊಂಡ ಮೀನುಬಲೆಗಳು. ಕಾಲು ಒಮ್ಮೆ ತಪ್ಪಿ ಬಡಿದರೆ ರಾಡಿ ಎದ್ದು ನಮ್ಮ ಕೈಯೇ ನಮಗೆ ಕಾಣದು. ಆಗ ಬರುವಾಗ ಬಿಚ್ಚಿಕೊಂಡು ಬಂದ ದಾರವೇ ಗತಿ.

ಒತ್ತಡವೋ, ಮೇಲಿನದರ ಎಂಟು ಪಟ್ಟು. ಮಾಮೂಲಿ ಗಾಳಿಯಲ್ಲಿನ ಸಾರಜನಕ ಅಲ್ಲಿ ಹೆಂಡದಂತೆ ತಲೆಗೇರುತ್ತದೆ. ಆಮ್ಲಜನಕವೇ ವಿಷವಾಗಿ ಫಿಟ್ಸ್ ಬರಿಸಬಹುದು. ಅದಕ್ಕೇ ಹೀಲಿಯಂ ಬೆರೆಸಿಕೊಂಡು ಇಳಿಯುತ್ತೇವೆ. ಹಿಂದಿನವರು ಬರೀ ಗಾಳಿಯಲ್ಲೇ ಹೋಗಿ, ಆ ಅಮಲಿನಲ್ಲೇ ಪಿಂಗಾಣಿ ತಟ್ಟೆ ಹೆಕ್ಕಿ ತರುತ್ತಿದ್ದರು. ಈ ಹಡಗು ನೋಡಲು ಹೋಗಿ ಸತ್ತ ಡೈವರ್‌ಗಳು 15ಕ್ಕೂ ಹೆಚ್ಚು.

ತಳದಲ್ಲಿ ನನಗಿದ್ದದ್ದು 20 ನಿಮಿಷ. ತೂತೊಂದರ ಒಳಗೆ, ಕೈಗೆಟುಕದಷ್ಟು ದೂರದಲ್ಲಿ, ಬಿಳಿ ಅಂಚೊಂದು ಹೊಳೆಯಿತು. ತಟ್ಟೆಯೋ, ಚಿಪ್ಪೋ. ಇನ್ನೆರಡು ನಿಮಿಷ ಸಾಕಿತ್ತು. ಆದರೆ ಕೆಳಗೆ ಮಾಡಿದ ಸಾಲಕ್ಕೆ ಮೇಲೆ ಮೀಟರ್ ಬಡ್ಡಿ. ತಿರುಗಿದೆ.

ಗೋಲಿ ಸೋಡಾದ ಗೋಲಿಯನ್ನು ಗಕ್ಕನೆ ಒತ್ತಿದರೆ ಆಗುವುದೇ, ಅವಸರದಲ್ಲಿ ಮೇಲೇರಿದವನ ರಕ್ತದಲ್ಲೂ ಆಗುತ್ತದೆ. ಹಾಗಾಗಿ ಲಂಗರಿನ ಹಗ್ಗ ಹಿಡಿದು ತಡೆದು ತಡೆದು ಏರಬೇಕು, ಒಂದು ಗಂಟೆಗೂ ಮೀರಿ. ಕೊನೆಯ ತಂಗುದಾಣ ಆರು ಮೀಟರಿನಲ್ಲಿ. ಅತಿ ಉದ್ದದ್ದೂ ಅದೇ. ತಲೆಯ ಮೇಲೆ ದೋಣಿಯ ಹೊಟ್ಟೆ ಕಾಣುತ್ತಿರುತ್ತದೆ, ಹೋಗುವಂತಿಲ್ಲ. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಎರಡು ನಿಮಿಷ ತಡೆಯಲಾರದ ನಾನು ಇಲ್ಲಿ ಬಾವುಟದಂತೆ ಪ್ರವಾಹದ ದಿಕ್ಕಿಗೆ ತೇಲುತ್ತ, ಪಕ್ಕದಲ್ಲಿ ಹಾದ ಜೆಲ್ಲಿ ಮೀನೊಂದು ಕಣ್ಮರೆಯಾಗುವವರೆಗೂ ನೋಡುತ್ತೇನೆ. ನನ್ನದೇ ಉಸಿರಿನ ಸದ್ದು. ಮಾಡಲು ಏನೂ ಕೆಲಸವಿಲ್ಲ. ಸುಳ್ಳೇಕೆ, ಹಡಗಿಗಿಂತ ನನಗೆ ಇದೇ ಇಷ್ಟ.

ದೋಣಿ ಹತ್ತಿದಾಗ ಚೀಲ ಖಾಲಿಯಿತ್ತು. ಕಾಫಿ ಆರಿಹೋಗಿತ್ತು.