ದಯೆಗೆ ಅರಿವಿನ ಕಣ್ಣು

ಬಸವಾದಿ ಶರಣರು ದಯೆಯನ್ನು ಧರ್ಮದ ತಳಹದಿಯಾಗಿ ಇರಿಸಿದರು. ಅರಿವನ್ನು ಗುರುಸ್ಥಾನದಲ್ಲಿ ಕೂರಿಸಿದರು. ಇವೆರಡೂ ಬೇರೆ ಬೇರೆ ಉಪದೇಶಗಳಲ್ಲ. ಅರಿವಿಲ್ಲದ ದಯೆ ದಾರಿ ಕಾಣದು. ದಯೆಯಿಲ್ಲದ ಅರಿವು ಒಣಗಿದ ಮರ. ಈ ತತ್ತ್ವವನ್ನು ತಿಳಿಯಲು ಶಾಸ್ತ್ರಗ್ರಂಥಗಳನ್ನು ತೆರೆಯಬೇಕಾಗಿಲ್ಲ, ಮನೆಯ ನಲ್ಲಿಯ ನೀರೇ ಸಾಕು.

ಕತ್ರಿಗುಪ್ಪೆಯ ಸದ್ಭಕ್ತರು ಬೆಳಗಿನಲ್ಲಿ ಇಷ್ಟಲಿಂಗಕ್ಕೆ ಮಜ್ಜನ ಮಾಡಿಸುವ ನಲ್ಲಿನೀರು ಕಾವೇರಿಯದು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ ಹಂತಹಂತವಾಗಿ ಮೇಲೇರಿ, ಸುಮಾರು 100 ಕಿಲೋಮೀಟರು ಕ್ರಮಿಸಿ ಅದು ಇಲ್ಲಿಗೆ ಬರುತ್ತದೆ. ಬಳಸಿದ ನೀರು ವೃಷಭಾವತಿಯ ಕಣಿವೆಗೆ ಇಳಿಯುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಜನ ನಂಬುವ ಈ ವೃಷಭಾವತಿ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿಯು ಕನಕಪುರದಾಚೆ ಸಂಗಮದಲ್ಲಿ ಮತ್ತೆ ಕಾವೇರಿಯನ್ನೇ ಸೇರುತ್ತದೆ. ಇಲ್ಲಿ ನೀರಿಗೆ ಬಿಟ್ಟದ್ದು ಅಲ್ಲಿಗೆ ಮುಟ್ಟುವ ದಾರಿ ತೆರೆದೇ ಇದೆ.

ಆ ಸಂಗಮದ ಆಸುಪಾಸಿನ ಮಡುಗಳಲ್ಲಿ ಬೆನ್ನ ಮೇಲೆ ಡುಬ್ಬವೂ ಕಿತ್ತಳೆ ಬಣ್ಣದ ರೆಕ್ಕೆಗಳೂ ಉಳ್ಳ ಮಹಶೀರ್ ಮೀನು ವಾಸಿಸುತ್ತಿತ್ತು. 50 ಕಿಲೋ ಮೀರಿ ಬೆಳೆಯಬಲ್ಲ ಈ ಮೀನು ಕಾವೇರಿ ಮತ್ತು ಅದರ ಉಪನದಿಗಳಲ್ಲದೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಸಿಡಿಮದ್ದು ಹಾಕಿ ಹಿಡಿಯುವವರ ಹಾವಳಿಯಿಂದ ನದಿಯಲ್ಲಿ ಮಹಶೀರ್ ಕಡಿಮೆಯಾದಾಗ, 1970ರ ದಶಕದಿಂದ, ಮಹಾರಾಷ್ಟ್ರದ ಲೋಣಾವಳದಲ್ಲಿ ಬೆಳೆಸಿದ ಮರಿಗಳನ್ನು ತಂದು ಕಾವೇರಿಗೆ ಬಿಡಲಾಯಿತು. ಬಿಟ್ಟವರ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಆ ಮರಿಗಳು ಕೃಷ್ಣಾ ಕೊಳ್ಳದ ನೀಲಿರೆಕ್ಕೆಯ ಮಹಶೀರ್. ಒಂದೇ ಕುಲದ ದಾಯಾದಿ, ಆದರೆ ಬೇರೆ ನದಿಯದು. ಗಾಳ ಹಾಕುವವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿದಾಗ ನೀಲಿರೆಕ್ಕೆಯದು ಹೆಚ್ಚುತ್ತ ಹೋದದ್ದೂ, ಮನೆಯ ಒಡೆಯನಾದ ಡುಬ್ಬದ ಮೀನು ಕ್ಷೀಣಿಸಿದ್ದೂ ಕಂಡುಬಂದಿತು. ಅಣೆಕಟ್ಟು, ಮರಳುಗಾರಿಕೆಗಳ ಪಾಲೂ ಈ ನಷ್ಟದಲ್ಲಿದೆ. 2018ರಲ್ಲಿ ಈ ಮೀನಿಗೆ ವೈಜ್ಞಾನಿಕ ಹೆಸರು ಖಚಿತವಾಯಿತು. ಅದೇ ವರ್ಷ ಅಳಿವಿನ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೂ ಸೇರಿತು. ನಾಮಕರಣವೂ ಮರಣದ ಎಚ್ಚರಿಕೆಯೂ ಒಟ್ಟಿಗೇ ಬಂದವು.

ಕೆರೆಗಳ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಜಿಲೇಬಿ ಎಂದು ಜನ ಕರೆಯುವ ಆಫ್ರಿಕದ ತಿಲಾಪಿಯಾ 1952ರಲ್ಲಿ ಭಾರತಕ್ಕೆ ಬಂದಿತು. ತಾಯಿಮೀನು ಮೊಟ್ಟೆಮರಿಗಳನ್ನು ಬಾಯಲ್ಲಿಟ್ಟು ಕಾಯುವುದರಿಂದ ಅದರ ಸಂತತಿ ಬೇಗ ಬೆಳೆಯುತ್ತದೆ. ಆಫ್ರಿಕದ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿ ನಿಷೇಧಿಸಿದ್ದರೂ ಕದ್ದು ಸಾಕುವುದು ನಿಂತಿಲ್ಲ. ಅದು ಗಾಳಿಯನ್ನೂ ಉಸಿರಾಡುತ್ತದೆ. ನಾಡಮೀನುಗಳು ಸಾಯುವ ಕೊಳಚೆಯಲ್ಲಿಯೂ ಬದುಕಿ, ಉಳಿದ ಮರಿಗಳನ್ನು ನುಂಗುತ್ತದೆ.

ಇಲ್ಲಿ ಒಂದು ಸಂದೇಹ ಏಳಬಹುದು. ಕಲ್ಯಾಣಕ್ಕೆ ದೂರದ ಕಾಶ್ಮೀರದಿಂದ ಮೋಳಿಗೆಯ ಮಾರಯ್ಯನವರು ಬಂದರೆಂದು ಪ್ರತೀತಿ. ಶರಣರು ಯಾರನ್ನೂ ಹೊರಗಿನವರೆನ್ನಲಿಲ್ಲ. ಹಾಗಿರುವಾಗ ಮೀನಿಗೇಕೆ ಈ ಭೇದ? ಮಾರಯ್ಯನವರು ತಾವಾಗಿ ಬಂದರು, ಸೌದೆ ಹೊತ್ತು ಕಾಯಕ ಮಾಡಿದರು, ದಾಸೋಹದಲ್ಲಿ ಹಂಚಿ ಉಂಡರು. ಮೀನು ತಾನಾಗಿ ಬರಲಿಲ್ಲ. ಹಂಚಿ ಉಣ್ಣುವ ಅರಿವನ್ನು ಅದರಿಂದ ನಿರೀಕ್ಷಿಸಲಾಗದು. ಆದ್ದರಿಂದ ದೋಷ ಮೀನಿನದಲ್ಲ. ಅರಿಯಬೇಕಾದ ಹೊಣೆ ತಂದವನದು, ಬಿಟ್ಟವನದು.

ಈ ಹೊಣೆ ಬಲು ಹತ್ತಿರದಲ್ಲಿಯೇ ಇದೆ. ಕತ್ರಿಗುಪ್ಪೆಯ ಭಕ್ತರೊಬ್ಬರ ಮನೆಯ ಗಾಜಿನ ತೊಟ್ಟಿಯಲ್ಲಿ, ಪಾಚಿ ತಿನ್ನಲೆಂದು ತಂದ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಮೊಳದುದ್ದ ಬೆಳೆಯಿತು. ಅಂಗಡಿಯವರು ಹಿಂದಕ್ಕೆ ಪಡೆಯಲಿಲ್ಲ. “ಕೊಂದರೆ ಪಾಪ ಅಜ್ಜಿ, ಹೊಸಕೆರೆಹಳ್ಳಿ ಕೆರೆಗೆ ಬಿಟ್ಟುಬಿಡೋಣ, ಪಾಪ, ಬದುಕಿಕೊಳ್ಳಲಿ” ಎಂದ ಮೊಮ್ಮಗ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, “ಇದೊಂದು ಬದುಕೀತು ಮಗಾ, ಅಲ್ಲಿರುವವು ಏನಾದಾವು? ನಾವು ತಂದದ್ದು, ನಾವೇ ಸಾಕೋಣ” ಎಂದರು. ದೊಡ್ಡ ತೊಟ್ಟಿಯ ಖರ್ಚೂ ವಾರವಾರ ನೀರು ಬದಲಿಸುವ ದುಡಿಮೆಯೂ ಮನೆಯ ಮೇಲೆ ಬಿದ್ದವು.

ಕೆರೆಗೆ ಬಿಟ್ಟಿದ್ದರೆ ಪುಣ್ಯ ಸುಲಭವಾಗಿ ದೊರೆತಂತೆ ತೋರುತ್ತಿತ್ತು, ಅದರ ಬೆಲೆಯನ್ನು ಕಾಣದ ಜೀವಗಳು ತೆರುತ್ತಿದ್ದವು. ನಿಜವಾದ ದಯೆ ತನ್ನ ಬೆಲೆಯನ್ನು ತಾನೇ ತೆರುತ್ತದೆ. ಕಣ್ಣೆದುರಿನ ಒಂದು ಜೀವಕ್ಕೆ ಮರುಗುವುದು ದಯೆಯ ಮೊದಲ ಮೆಟ್ಟಿಲು. ಕಣ್ಣಿಗೆ ಕಾಣದ, ನೀರಿನಡಿಯ ನೂರು ಜೀವಗಳನ್ನು ನೆನೆದು ಕೈ ತಡೆಯುವುದು ಅರಿವು ಕೂಡಿದ ದಯೆ. ಮಜ್ಜನದ ನೀರನ್ನು ಕೈಯಲ್ಲಿ ಹಿಡಿದಾಗ ಆ ನೀರಿನ ಮೂಲನಿವಾಸಿಗಳನ್ನೂ ಭಕ್ತನು ಒಂದು ಕ್ಷಣ ನೆನೆಯಲಿ. ಲಿಂಗಪೂಜೆಯು ಜಂಗಮಸೇವೆಯಲ್ಲಿ ಪೂರ್ಣವಾಗುವಂತೆ, ನೀರಿನ ಪೂಜೆಯು ನೀರೊಳಗಿನ ಜೀವವನ್ನು ಕಾಯುವುದರಲ್ಲಿ ಪೂರ್ಣವಾಗುತ್ತದೆ.