ಅಜ್ಜಿ ಮತ್ತು 290 ಡಿಗ್ರಿ ಕ್ಯಾಮ್

ನಮ್ಮ ಮಾವನ ಎಸ್ಟೀಮ್ ಕಾರು ನಿಂತರೆ ಇಂಜಿನ್ನೂ ನಿಲ್ಲುತ್ತಿತ್ತು. ಐಡ್ಲಿಂಗ್ 1500ಕ್ಕೆ ಏರಿಸಿಟ್ಟರೂ ಗಡಗಡ ಅಂತ ಮೈಯೆಲ್ಲಾ ಅಲ್ಲಾಡಿಸಿ, ಒಂದ್ಸಲ ಕೆಮ್ಮಿ, ಆಫ್. ಮೇಲೆ 5000 ದಾಟಿದ್ರೆ ಮಾತ್ರ ಅದೇ ಇಂಜಿನ್ ಬೇರೆಯೇ ಪ್ರಾಣಿ. ಚಿಕ್ಕವನಿದ್ದಾಗ ಆ ಸದ್ದು ಕೇಳೇ ನಾನು ಮೆಕ್ಯಾನಿಕಲ್ ತಗೋತೀನಿ ಅಂತ ಹಟ ಹಿಡಿದದ್ದು. ಹಾಗಾಗಿ ಅದನ್ನ ಬಿಚ್ಚಿ ಸಾಧು ಮಾಡೋ ಕೆಲಸ ನನ್ನ ಕೈಗೇ ಬಂದಾಗ ಖುಷಿಯೇನೂ ಆಗಲಿಲ್ಲ.

ಚಿಕ್ಕಮಗಳೂರು ಕಡೆಯವರಿಗೆ ರ‍್ಯಾಲಿ ಅಂದ್ರೆ ಏನಂತ ಹೇಳಬೇಕಾಗಿಲ್ಲ. ನ್ಯಾಷನಲ್ ಚಾಂಪಿಯನ್‌ಶಿಪ್ಪಿನ ಸುತ್ತು ನಮ್ಮ ಕಡೆ ಕಾಫಿ ತೋಟದ ಮಣ್ಣು ರಸ್ತೆಗಳಲ್ಲಿ ನಡೆಯುತ್ತಿತ್ತು. ಮಾವ ದೊಡ್ಡ ಹೆಸರೇನಲ್ಲ, ಲೋಕಲ್ ಆಟೋಕ್ರಾಸ್‌ನಲ್ಲಿ ನಾಲ್ಕಾರು ಕಪ್ ಗೆದ್ದವನು. ಗಾಡಿ 2002ರ ಎಸ್ಟೀಮ್, 1298 ಸಿಸಿ, ಹದಿನಾರು ವಾಲ್ವ್. ಕಂಪನಿಯಿಂದ ಬಂದಾಗ ಸುಮಾರು 85 ಹಾರ್ಸ್‌ಪವರ್. ಮಾವ ಅದಕ್ಕೆ ಹೆಡ್ ಸವರಿಸಿ ಕಂಪ್ರೆಷನ್ 11ಕ್ಕೆ ಏರಿಸಿದ್ದ, 290 ಡಿಗ್ರಿ ಕ್ಯಾಮ್ ಹಾಕಿಸಿದ್ದ, ಫ್ಲೈವೀಲ್ ಕೊರೆಸಿ ಹಗುರ ಮಾಡಿಸಿದ್ದ. ಒಳಗಡೆ ರೋಲ್ ಕೇಜ್, ಬಕೆಟ್ ಸೀಟು.

ಹೋದ ವರ್ಷ ಎರಡು ವಿಷಯ ಒಟ್ಟಿಗೇ ಆಯ್ತು. ಅಜ್ಜಿಗೆ ಡಯಾಲಿಸಿಸ್ ಶುರುವಾಯ್ತು, ಮಂಗಳವಾರ ಮತ್ತು ಶುಕ್ರವಾರ. ಸಾಲ ತೀರಿಸೋಕೆ ಮಾವ ಮನೆಯ ಇನ್ನೊಂದು ಕಾರು ಮಾರಿದ. ಯಾಕೆ ಆ ಕಾರು, ಯಾಕೆ ಇದಲ್ಲ ಅಂತ ಅತ್ತೆ ಕೇಳಿದ್ದಕ್ಕೆ ಅವನು ಉತ್ತರ ಕೊಡಲಿಲ್ಲ. (ಈ ಗಾಡಿಯನ್ನ ಯಾರೂ ತಗೋತಿರಲಿಲ್ಲ ಅನ್ನೋದೂ ನಿಜ.) ಹೀಗೆ ನಮ್ಮ ಎಪ್ಪತ್ತೆರಡು ವರ್ಷದ ಅಜ್ಜಿ ರೋಲ್ ಕೇಜಿನ ಅಡ್ಡಪೈಪು ದಾಟಿ, ಸೀರೆ ಎತ್ತಿ ಹಿಡ್ಕೊಂಡು, ಬಕೆಟ್ ಸೀಟಿನಲ್ಲಿ ಇಳಿದು ಕೂತು ಆಸ್ಪತ್ರೆಗೆ ಹೋಗೋಕೆ ಶುರು ಮಾಡಿದ್ರು. ಸೊಂಟ ನೋವು ಅಂತ ಒಂದು ದಿನವೂ ಹೇಳಲಿಲ್ಲ. "ಬಾವಿಗೆ ಇಳಿದ ಹಾಗಾಗುತ್ತೆ ಕಣೋ" ಅಂದ್ರು ಅಷ್ಟೇ.

ದಸರಾ ರಜೆಗೆ ಹೋದಾಗ ಒಂದು ಶುಕ್ರವಾರ ನಾನೂ ಹಿಂದೆ ಕೂತಿದ್ದೆ. ಹನುಮಂತಪ್ಪ ಸರ್ಕಲ್ ಹತ್ತಿರ ಜಾಮ್. ಒಂದು ಮಾರು ಮುಂದೆ, ಬ್ರೇಕ್, ಮತ್ತೆ ಒಂದು ಮಾರು, ಮತ್ತೆ ಬ್ರೇಕ್. ಮೂರೋ ನಾಲ್ಕೋ ಸಲ ತುಳಿದ ಮೇಲೆ ಪೆಡಲ್ ಕಲ್ಲಾಯ್ತು. ಮಾವ ಎದ್ದು ನಿಂತ ಹಾಗೆ ತುಳಿದರೂ ಕಾರು ಮೆಲ್ಲಗೆ ಜಾರಿ ಮುಂದಿನ ಆಟೋಗೆ ತಾಗಿತು. ಯಾರಿಗೂ ಏನೂ ಆಗಲಿಲ್ಲ. ಆಟೋದವನು ಒಳಗೆ ನೋಡಿ, ಅಜ್ಜಿಯನ್ನ ನೋಡಿ, ಬೈಯ್ಯೋಕೆ ತೆಗೆದ ಬಾಯಿ ಮುಚ್ಚಿಕೊಂಡ. ಮಾವನ ಕೈ ಮಾತ್ರ ಆಸ್ಪತ್ರೆ ತಲುಪೋವರೆಗೂ ನಡುಗ್ತಾ ಇತ್ತು.

ಬ್ರೇಕ್ ಪ್ಯಾಡು, ಆಯಿಲ್ಲು ಎಲ್ಲಾ ಚೆನ್ನಾಗಿಯೇ ಇತ್ತು. ತಪ್ಪು ಕ್ಯಾಮ್‌ನದು. ಇದು ನನಗೆ ಹೊಳೆದದ್ದು ಮೇಸ್ತ್ರಿ ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ ಚುಚ್ಚಿದಾಗ. ನಮ್ಮೂರು ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಮೇಲಿದೆ, ಅದನ್ನ ಲೆಕ್ಕಕ್ಕೆ ಹಿಡಿದರೂ 16 ಇಂಚಿನ ಹತ್ತಿರ ಇರಬೇಕಾದ ಮುಳ್ಳು 9ರಲ್ಲಿ ನಡುಗ್ತಿತ್ತು. ನಾವು ಲ್ಯಾಬ್ ರೆಕಾರ್ಡಿನಲ್ಲಿ ವಾಲ್ವ್ ಟೈಮಿಂಗ್ ಡಯಾಗ್ರಾಮ್ ಬಿಡಿಸ್ತೀವಲ್ಲ, ಎಕ್ಸಾಸ್ಟ್ ಮುಚ್ಚೋ ಮೊದಲೇ ಇನ್‌ಟೇಕ್ ತೆರೆಯೋ ಆ ಸಣ್ಣ ಓವರ್‌ಲ್ಯಾಪು, ಕಾಪಿ ಹೊಡೆಯುವಾಗ ನಾನು ಅದನ್ನ ಬಿಟ್ಟೇಬಿಟ್ಟಿದ್ದೆ. ರೇಸ್ ಕ್ಯಾಮಿನಲ್ಲಿ ಅದು ಸಣ್ಣದಲ್ಲ. ಹೈ ಆರ್‌ಪಿಎಂನಲ್ಲಿ ಗಾಳಿಗೆ ತನ್ನದೇ ವೇಗ ಇರುತ್ತೆ, ವಾಲ್ವ್ ತಡವಾಗಿ ಮುಚ್ಚಿದಷ್ಟೂ ಇನ್ನಷ್ಟು ನುಗ್ಗುತ್ತೆ, ಪವರ್ ಬರುತ್ತೆ. ಐಡ್ಲಿಂಗ್‌ನಲ್ಲಿ ಆ ವೇಗ ಇಲ್ಲ. ಸುಟ್ಟ ಗಾಳಿ ವಾಪಸ್ ಇನ್‌ಟೇಕ್ ಕಡೆ ಬರುತ್ತೆ, ವ್ಯಾಕ್ಯೂಮ್ ಬೀಳುತ್ತೆ. ಬ್ರೇಕ್ ಬೂಸ್ಟರ್ ಬದುಕೋದೇ ಆ ವ್ಯಾಕ್ಯೂಮ್ ಮೇಲೆ. ರ‍್ಯಾಲಿಯಲ್ಲಿ ಜೋರಾಗಿ ಬಂದು ಥ್ರಾಟಲ್ ಬಿಟ್ಟಾಗ ಬೇಕಾದಷ್ಟು ಸಿಗ್ತಿತ್ತು. ಜಾಮಿನಲ್ಲಿ ಬೂಸ್ಟರಿನ ಡಬ್ಬಿ ಮೂರು ಸಲಕ್ಕೆ ಖಾಲಿ.

ಇಂಜಿನ್ ಕಂಪ್ಯೂಟರಿಗೂ ಮೋಸ. ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಕಡಿಮೆ ಅಂದ್ರೆ ಡ್ರೈವರ್ ಆಕ್ಸಿಲರೇಟರ್ ತುಳಿದಿದ್ದಾನೆ ಅಂದ್ಕೊಂಡು ಪೆಟ್ರೋಲ್ ಸುರಿಯುತ್ತೆ. ಎಮಿಷನ್ ಟೆಸ್ಟಿನಲ್ಲಿ ಯಾಕೆ ಫೇಲಾಗ್ತಿತ್ತು ಅನ್ನೋದಕ್ಕೂ ಉತ್ತರ ಸಿಕ್ಕಿತು.

ಆ ರಾತ್ರಿ ಮಾವ ಒಂದೇ ಮಾತು ಹೇಳಿದ್ದು. "ಬಿಚ್ಚೋಣ."

ನಾನು ಕ್ಯಾಲ್ಕುಲೇಟರ್ ಹಿಡ್ಕೊಂಡು ಕೂತೆ. ಬೋರ್ 74 ಮಿಮೀ, ಸ್ಟ್ರೋಕ್ 75.5, ಒಂದು ಸಿಲಿಂಡರಿಗೆ ಸುಮಾರು 325 ಸಿಸಿ. ಕಂಪ್ರೆಷನ್ 11 ಅಂದ್ರೆ ಪಿಸ್ಟನ್ ಮೇಲೆ ಉಳಿಯೋ ಜಾಗ 32.5 ಸಿಸಿ. 10ಕ್ಕೆ ಇಳಿಸೋಕೆ 36 ಬೇಕು. ಮೂರೂವರೆ ಸಿಸಿ ವ್ಯತ್ಯಾಸ, ಗ್ಯಾಸ್ಕೆಟ್ 0.8 ಮಿಮೀ ದಪ್ಪ ಮಾಡಿದ್ರೆ ಆಯ್ತು. ಹೆಮ್ಮೆಯಿಂದ ಮೇಸ್ತ್ರಿಗೆ ತೋರಿಸಿದೆ. ಅವರು ಎಸ್ಸೆಸ್ಸೆಲ್ಸಿ. ಚೀಟಿ ನೋಡಿ, "ಲೆಕ್ಕ ಸರಿ ಇದೆ. ಆದ್ರೆ ಪಿಸ್ಟನ್ ಅಂಚಿಗೂ ಹೆಡ್ಡಿಗೂ ನಡುವೆ ಗ್ಯಾಪ್ ಜಾಸ್ತಿ ಆಗುತ್ತಲ್ಲ. ಗಾಳಿ ಸುತ್ತಲ್ಲ, ಬೆಂಕಿ ನಿಧಾನ ಹತ್ತುತ್ತೆ. ನಾಕಿಂಗ್ ಹೋಗ್ದೇನೂ ಇರಬಹುದು" ಅಂದ್ರು. ಇದಕ್ಕೆ ಸ್ಕ್ವಿಷ್ ಅಂತಾರೆ, ನಮ್ಮ ಟೆಕ್ಸ್ಟ್‌ಬುಕ್ಕಿನಲ್ಲಿ ಎರಡು ಸಾಲು ಇದೆ. ಕೊನೆಗೆ ಸವರದ ಹಳೇ ಹೆಡ್ಡು, ಕಂಪನಿ ಕ್ಯಾಮ್ ಸಮೇತ, ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹುಡುಕಿ ತಂದೆವು. ಹುಡುಕಿದ ಆ ಎರಡು ದಿನದ ಕಥೆ ಇನ್ನೊಂದ್ಸಲ ಬರೀತೀನಿ.

ಕ್ಲಚ್‌ಗೆ ಗೇರ್‌ಬಾಕ್ಸ್ ಇಳಿಸಲೇಬೇಕಿತ್ತು, ಅದರ ಜೊತೆ ಫ್ಲೈವೀಲೂ ಬದಲಾಯಿತು. ಹಗುರ ಫ್ಲೈವೀಲ್ ಬೇಗ ತಿರುಗುತ್ತೆ, ಅಷ್ಟೇ ಬೇಗ ಸಾಯುತ್ತೆ. ಏರಿನಲ್ಲಿ ಗಾಡಿ ಎತ್ತುವಾಗ ಅಜ್ಜಿ ತಲೆ ಮುಂದೆ ಹಿಂದೆ ಕುಕ್ಕುತ್ತಿದ್ದದ್ದು ಅದರಿಂದ, ಮತ್ತೆ ಆ ಪ್ಯಾಡಲ್ ಕ್ಲಚ್ಚಿನಿಂದ. ಸೈಲೆನ್ಸರ್ ಮಾಮೂಲಿಯದು ಬಂತು. ಮಾವ ಇಟ್ಕೊಂಡದ್ದು ಎಕ್ಸಾಸ್ಟ್ ಹೆಡರ್ ಒಂದೇ. "ಇದು ಯಾರಿಗೇನು ಮಾಡಿದೆ" ಅಂದ. ನಾನು 2019ರ ಸುಪ್ರೀಂ ಕೋರ್ಟ್ ತೀರ್ಪು ನೆನಪಿಸಿದೆ, ಗಾಡಿಯನ್ನ ಕಂಪನಿ ಮಾಡಿದ್ದಕ್ಕಿಂತ ಬೇರೆ ಮಾಡೋ ಹಾಗಿಲ್ಲ ಅಂತ. ನನ್ನ ಮುಖ ನೋಡಿ ಸ್ಪ್ಯಾನರ್ ಕೊಡು ಅಂದ.

ಕೇಜ್ ಕತ್ತರಿಸುವಾಗ ಅವನು ಶೆಡ್ಡಿನಲ್ಲಿ ಇರಲಿಲ್ಲ. ತೋಟಕ್ಕೆ ಹೋಗಿದ್ದ, ಮಳೆಯಲ್ಲಿ, ಛತ್ರಿ ಇಲ್ಲದೆ. ಅಡ್ಡಪೈಪಿಗೆ ಗ್ರೈಂಡರ್ ಇಟ್ಟದ್ದು ನಾನೇ. ರೇಸ್ ಕ್ಯಾಮನ್ನ ಅವನು ಗ್ರೀಸ್ ಹಚ್ಚಿ, ಹಳೇ ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಾನೆ. ಮಗುವನ್ನ ಮಲಗಿಸಿದ ಹಾಗೆ ಅಂತ ಬರೆಯೋಣ ಅನ್ನಿಸಿತ್ತು, ಆದ್ರೆ ನಿಜವಾಗಿ ಅವನು ಇಟ್ಟದ್ದು ಖಾಲಿ ಗೋಣಿಚೀಲಗಳ ನಡುವೆ, ಇಲಿ ಪಾಷಾಣದ ಪಕ್ಕ.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಐಡ್ಲಿಂಗ್ 850ರ ಹತ್ತಿರ ನಿಂತಿತು. ಶಬ್ದವೇ ಇಲ್ಲ. ಮಾವ ಬಾನೆಟ್ ಮೇಲೆ ಕೈ ಇಟ್ಟು ಬಹಳ ಹೊತ್ತು ನಿಂತಿದ್ದ, ಓಡ್ತಾ ಇದೆಯೋ ಇಲ್ವೋ ಅಂತ ನೋಡೋರ ಹಾಗೆ. ಗೇಜಿನ ಮುಳ್ಳು 16ರಲ್ಲಿ ಅಲ್ಲಾಡದೆ ನಿಂತಿತ್ತು. ನನಗೆ ಕುಣಿಯೋಣ ಅನ್ನಿಸಿತು, ಅವನ ಮುಖ ನೋಡಿ ಸುಮ್ಮನಾದೆ.

ಈಗ ಜಾಮಿನಲ್ಲಿ ಬ್ರೇಕ್ ಮೆತ್ತಗೆ ಹಿಡಿಯುತ್ತೆ. ಅಜ್ಜಿ ವಾಪಸ್ ಬರುವಾಗ ದಾರಿಯಲ್ಲೇ ನಿದ್ದೆ ಹೋಗ್ತಾರೆ. ಅವರದ್ದು ಒಂದೇ ತಕರಾರು. ಮೊದಲೆಲ್ಲಾ ಕಾರು ಗೇಟಿನ ಆಚೆ ತಿರುವಿನಲ್ಲಿ ಇರುವಾಗಲೇ ಕೇಳ್ತಿತ್ತಂತೆ, ಅಷ್ಟರಲ್ಲಿ ಎದ್ದು ಚಪ್ಪಲಿ ಹಾಕ್ಕೊಂಡು ರೆಡಿಯಾಗ್ತಿದ್ರಂತೆ. ಈಗ ಬಂದದ್ದೇ ಗೊತ್ತಾಗಲ್ಲ. ಅದಕ್ಕೆ ಮಾವ ತಿರುವಿನಲ್ಲೇ ಎರಡು ಸಲ ಹಾರ್ನ್ ಹೊಡೀತಾನೆ.