ಶರತ್ತು ಬಿಟ್ಟು ಬರೆದ ಸುದ್ದಿ

‘ನೀರ ಬರ್ತದ ಅಂತ ಪೇಪರ್‌ದಾಗ ಬರ್ದಿದ್ರಿ, ಎಲ್ಲಿ ಅದರಿ?’ ಕಬ್ಬು ಹಚ್ಚಿದ್ದ ಅಫಜಲಪುರದ ರೈತರೊಬ್ಬರು ಬೇಸಿಗೆಯಲ್ಲಿ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರ ಹೊಳೆದದ್ದು ಗ್ಯಾಸ್ ಪೈಪ್‌ಲೈನುಗಳ ಬಗ್ಗೆ ಓದುವಾಗ.

ಪೈಪಿನಲ್ಲಿ ದಿನಕ್ಕೆ ಇಷ್ಟು ಗ್ಯಾಸ್ ಸಾಗಿಸುವ ಹಕ್ಕನ್ನು ಕಂಪನಿಗಳು ಮೊದಲೇ ಕಾಯ್ದಿರಿಸುತ್ತವೆ. ಖಚಿತ ಹಕ್ಕಿದ್ದರೆ ಒಪ್ಪಿದಷ್ಟು ಸಾಗಿಸಲೇಬೇಕು. ಇನ್ನೊಂದು ಬಗೆಯದು ಅಗ್ಗ. ಪೈಪು ತುಂಬಿದಾಗ ಮೊದಲು ನಿಲ್ಲುವುದು ಅದೇ. ಜರ್ಮನಿಯಲ್ಲಿ ಇವೆರಡರ ನಡುವೆ ಮೂರನೆಯದಿದೆ: ಶರತ್ತಿನ ಖಚಿತ ಹಕ್ಕು. ಹೊರಗಿನ ಉಷ್ಣಾಂಶ ಇಂತಿಷ್ಟಿದ್ದರೆ, ಅಥವಾ ಜಾಲದ ಬೇರೆಡೆ ಹರಿವು ಸಾಕಷ್ಟಿದ್ದರೆ ಮಾತ್ರ ಖಾತ್ರಿ. ಶರತ್ತು ಒಪ್ಪಂದದಲ್ಲೇ ಇರುತ್ತದೆ. ಕೊಳ್ಳುವವರು ಅದನ್ನು ನೋಡಿಯೇ ಲೆಕ್ಕ ಹಾಕುತ್ತಾರೆ.

2013ರಲ್ಲಿ ಶುರುವಾದ ದಾಭೋಳ–ಬೆಂಗಳೂರು ಪೈಪ್‌ಲೈನ್ ಬೆಳಗಾವಿ, ಧಾರವಾಡದ ಕಡೆಯಿಂದ ಹೋಯಿತು. ನಮ್ಮ ಕಡೆ ಇರುವ ಜಾಲ ಭೀಮಾ ನದಿ. ಅಫಜಲಪುರ, ಜೇವರ್ಗಿ ಅದರ ದಂಡೆಯ ತಾಲ್ಲೂಕುಗಳು. ಆಳಂದದ ಅಮರ್ಜಾ ಸೇರುವುದೂ ಅದನ್ನೇ. ಮಳೆಯಾದರೆ, ಮೇಲೆ ಮಹಾರಾಷ್ಟ್ರದ ಉಜನಿಯಿಂದ ಬಿಟ್ಟರೆ ಸೊನ್ನ ಬ್ಯಾರೇಜಿಗೆ ನೀರು.

‘ನಮ್ಮ ಪಾಲಿನ 15 ಟಿಎಂಸಿ’ ಎಂದು ನಾವೂ ಎಷ್ಟೋ ಸಲ ಬರೆದಿದ್ದೇವೆ. ಬಚಾವತ್ ತೀರ್ಪು ಹೇಳುವುದು ಭೀಮೆಯ ಮುಖ್ಯ ಹರಿವಿನಿಂದ ಕರ್ನಾಟಕ 15 ಟಿಎಂಸಿಗಿಂತ ಹೆಚ್ಚು ಬಳಸುವಂತಿಲ್ಲ ಎಂದು. ಅದು ಮಿತಿ, ಅಷ್ಟು ನೀರು ಬಂದೇ ಬರುತ್ತದೆಂಬ ಖಾತ್ರಿಯಲ್ಲ.

ಕಂಪನಿಗೆ ಶರತ್ತು ಕಾಗದದಲ್ಲಿ ಸಿಗುತ್ತದೆ. ರೈತರಿಗೆ ತಿಳಿಸಬೇಕಾದವರು ನಾವು, ನಾವೇ ಅದನ್ನು ಬಿಟ್ಟಿದ್ದೆವು. ಈಗ ಯಾರಾದರೂ ‘ನೀರು ಬಿಡ್ತೀವಿ’ ಎಂದರೆ, ‘ಏನಾದರೆ ಬಿಡ್ತೀರಿ?’ ಎಂದು ಕೇಳಿಯೇ ಬರೆಯುತ್ತೇವೆ.